ಹೊತ್ತು ತಿರುಗುವವಳು, ಅಂಟಿಸಿ ಹೋಗುವವಳು

ಅವರು ಯಾವ ಕುರ್ಚಿಯ ಮೇಲೂ ಬಂದ ತಕ್ಷಣ ಕುಳಿತದ್ದನ್ನು ನಾನು ಕಂಡಿಲ್ಲ. ಮೊದಲು ಕುರ್ಚಿಯನ್ನು ಸ್ವಲ್ಪ ವಾಲಿಸುವರು, ಸೀಟಿನ ಅಡಿಯಲ್ಲಿ ಬೆರಳಾಡಿಸುವರು, ಆಮೇಲೆ ನೆರಿಗೆ ಸರಿಮಾಡಿಕೊಂಡು ಕೂರುವರು. ಲ್ಯಾಬಿನಲ್ಲಿ ಮಾತ್ರವಲ್ಲ, ಬ್ಯಾಂಕಿನಲ್ಲೂ ಹಾಗೆಯೇ, ಆಸ್ಪತ್ರೆಯಲ್ಲೂ ಹಾಗೆಯೇ. ಹೊಸೂರಿನ ಒಂದು ಮದುವೆ ಛತ್ರದಲ್ಲಿ ಗಂಡಿನ ಕಡೆಯವರೆಲ್ಲ ನೋಡುತ್ತಿದ್ದಂತೆ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಕೆಳಗು ಮಾಡಿದರು. ಅದರ ಕಾಲಿನ ಸಂದಿಯಿಂದ ಏನನ್ನೋ ಉಗುರಿನಲ್ಲಿ ಬಿಡಿಸಿ, ಕೈಚೀಲದಲ್ಲಿದ್ದ ಹಳೆಯ ಕುಂಕುಮದ ಡಬ್ಬಿಗೆ ಹಾಕಿಕೊಂಡು, ಏನೂ ನಡೆದಿಲ್ಲವೆಂಬಂತೆ ಅಕ್ಷತೆಗೆ ಕೈ ಚಾಚಿದರು. ಪಕ್ಕದಲ್ಲಿದ್ದ ನಾನು ನಾಚಿಕೆಯಿಂದ ಬೇರೆ ಕಡೆ ನೋಡಿದೆ. ಆದರೂ ಊಟದ ಸಾಲಿನಲ್ಲಿ ನಿಂತಾಗ ತಡೆಯಲಾರದೆ ಕೇಳಿದೆ, ತುಂಬಿದ್ದೋ ಖಾಲಿಯೋ ಎಂದು. ಅವರಿಗೆ ಬಹಳ ಸಂತೋಷವಾಯಿತು.

ಹೋದ ತಿಂಗಳು ಅವರು ತೀರಿಕೊಂಡರು. ಕೆಲಸದಿಂದ ನಿವೃತ್ತರಾಗಿ ಹೆಚ್ಚು ಕಾಲ ಆಗಿರಲಿಲ್ಲ. ಹೆಸರು ಬರೆಯುವುದಿಲ್ಲ. ಸೂಳಗಿರಿಯ ಬಳಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ರಾಗಿ ಶಾವಿಗೆಯ ಘಟಕದಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಬೇರೆ ಹೆಸರು ಬೇಕಾಗಿರಲಿಲ್ಲ, ಅಲ್ಲಿ ಇದ್ದದ್ದು ಒಬ್ಬರೇ ಮೇಡಂ. ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿನ ಲ್ಯಾಬಿಗೆ ಸೇರಿದಾಗ ಅವರ ತಲೆ ಆಗಲೇ ಪೂರ್ತಿ ನರೆತಿತ್ತು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲ ದಿನ ನನ್ನ ಅಂಕಪಟ್ಟಿ ಕೇಳಲಿಲ್ಲ, ಊರು ಕೇಳಿದರು. ಜವಳಗಿರಿ ಕಡೆ, ಕಾಡಿನಂಚು ಎಂದೆ. ಆನೆ ನೋಡಿದೀಯಾ ಎಂದರು. ನೋಡಿದ್ದೇನೆ ಎಂದೆ. ಆಮೇಲೆ ಬಂತು ಅವರ ನಿಜವಾದ ಪ್ರಶ್ನೆ.

“ಜಿರ್ಲೆ ಕಂಡ್ರೆ ಏನ್ ಮಾಡ್ತೀಯಾ?”

ಹೊಡೆಯುತ್ತೇನೆ ಎಂದೆ.

“ಹೊಡಿ, ಬೇಡ ಅನ್ನಲ್ಲ. ಹೊಡಿಯೋಕ್ ಮುಂಚೆ ಅದರ ಹಿಂದ್ಗಡೆ ಒಂದ್ ಸಲ ನೋಡು.”

ಇಷ್ಟೇ ನನ್ನ ಸಂದರ್ಶನ.

ಅವರು ಓದಿದ್ದು ಪ್ರಾಣಿಶಾಸ್ತ್ರ. ಹೊಸೂರಿನಿಂದ ದಿನಾ ಗಡಿ ದಾಟಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಓದಿದವರು. ಆ ಕಾಲದಲ್ಲಿ ಕಾಲೇಜಿನಲ್ಲಿ ಜಿರಳೆಯನ್ನು ಮೇಣದ ತಟ್ಟೆಗೆ ಚುಚ್ಚಿ ಕತ್ತರಿಸುವುದು ಎಲ್ಲರೂ ಮಾಡಬೇಕಾದ ಕೆಲಸವಾಗಿತ್ತು. ಉಳಿದ ಹುಡುಗಿಯರು ಮೂಗು ಮುಚ್ಚಿಕೊಂಡು ಮುಗಿಸಿ ಮರೆತರು. ಇವರು ಮರೆಯಲಿಲ್ಲ. ತಮಗೆ ಸಿಕ್ಕ ಹೆಣ್ಣು ಜಿರಳೆಯ ಹೊಟ್ಟೆಯ ತುದಿಯಲ್ಲಿ ಅರ್ಧ ಹೊರಬಂದ ಒಂದು ಕಂದು ಡಬ್ಬಿ ಇತ್ತಂತೆ. ಇದೇನು ಎಂದು ಕೇಳಿದ್ದಕ್ಕೆ, ಅದು ಪರೀಕ್ಷೆಗೆ ಬರುವುದಿಲ್ಲ, ಕಿತ್ತು ಪಕ್ಕಕ್ಕಿಡು ಎಂದರಂತೆ ಮೇಷ್ಟ್ರು. “ಪಕ್ಕಕ್ಕಿಟ್ಟೆ. ಇನ್ನೂ ನೋಡ್ತಾನೇ ಇದ್ದೀನಿ” ಎಂದು ನಗುತ್ತಿದ್ದರು.

ಆ ಡಬ್ಬಿಗೆ ಅವರಿಟ್ಟ ಹೆಸರು ಪರ್ಸು. ನಮ್ಮ ಘಟಕದಲ್ಲಿ ಜಿರಳೆಗೆ ಮೂರು ಭಾಷೆಯಲ್ಲಿ ಮೂರು ಹೆಸರು. ಪ್ಯಾಕಿಂಗ್ ಹೆಂಗಸರಲ್ಲಿ ಕೆಲವರು ಕರಪ್ಪಾನ್ ಎನ್ನುವರು, ಕೆಲವರು ಬೊದ್ದಿಂಕ ಎನ್ನುವರು, ಮಿಕ್ಕವರು ಜಿರ್ಲೆ. ಆದರೆ ಮೊಟ್ಟೆಯ ಡಬ್ಬಿಗೆ ಯಾರಲ್ಲೂ ಹೆಸರಿರಲಿಲ್ಲ. ಮೇಡಂ ಹೇಳಿದ್ದೇ ಮೂರೂ ಭಾಷೆಗೆ ನಿಂತಿತು. ನೋಡಲು ನಿಜವಾಗಿಯೂ ಪರ್ಸಿನಂತೆಯೇ ಇರುತ್ತದೆ. ಉದ್ದನೆಯ ಹುರಳಿಕಾಳಿನಂಥ ಆಕಾರ, ಒಂದು ಅಂಚಿನಲ್ಲಿ ಸಣ್ಣ ಹಲ್ಲುಗಳ ಸಾಲು, ಥೇಟ್ ಜಿಪ್ಪು.

ಚಹಾದ ಹೊತ್ತಿನಲ್ಲಿ, ಯಾರೂ ಕೇಳದಿದ್ದರೂ, ಅವರು ಆ ಪರ್ಸಿನ ವಿಷಯ ಹೇಳುತ್ತಿದ್ದರು. ತಾಯಿ ಜಿರಳೆಯ ಹೊಟ್ಟೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಗ್ರಂಥಿ. ಒಂದರ ರಸ ಸುಮ್ಮನೆ ಹಾಲಿನಂಥದ್ದು, ಇನ್ನೊಂದು ಅದನ್ನು ಗಟ್ಟಿ ಮಾಡುವಂಥದ್ದು. ಬೇರೆ ಬೇರೆ ಇದ್ದಾಗ ಎರಡೂ ಏನೂ ಮಾಡವು, ಸೇರಿದರೆ ಬಿರುಸಾಗುತ್ತವೆ. “ಎರಡ್ ಟ್ಯೂಬಿನ ಅಂಟು ಬರುತ್ತಲ್ಲ, ಕಲಸಿ ಹಚ್ಚೋದು, ಅದೇ” ಎನ್ನುವರು. ಮೊಟ್ಟೆಗಳು ಒಂದೊಂದಾಗಿ ಇಳಿದು ಎರಡು ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತವೆ, ತಲೆಗಳೆಲ್ಲ ಜಿಪ್ಪಿನ ಕಡೆಗೆ. ಸುತ್ತಲೂ ಆ ರಸ ಬಿಳಿಯಾಗಿ ಹರಡಿ, ಕೆಂಪಾಗಿ, ಕೊನೆಗೆ ಕಂದಾಗಿ ಗಟ್ಟಿಯಾಗುತ್ತದೆ. ಜಿಪ್ಪಿನ ಹಲ್ಲುಗಳ ನಡುವೆ ಉಸಿರಾಟಕ್ಕೆ ಸಣ್ಣ ಕಿಂಡಿಗಳು. ನೀರು ಆರಿಹೋಗಬಾರದು, ಗಾಳಿ ಮಾತ್ರ ಬರಬೇಕು, ಅಂಥ ಕಿಂಡಿ. ಇಷ್ಟು ಹೇಳಿ ಅವರು ನಮ್ಮ ಶಾವಿಗೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಅಂಟು ಸರಿಯಾಗಿ ಕೂತಿಲ್ಲದ ಕಡೆ ಉಗುರಿಟ್ಟು, “ನಮ್ಮೋರು ಒಂದ್ ಜಿರ್ಲೆ ಮಾಡಿದಷ್ಟು ಸೀಲ್ ಮಾಡಲ್ಲ” ಎನ್ನುವರು.

ಜಿರಳೆಗಳನ್ನು ಅವರು ಎರಡೇ ಜಾತಿಯಾಗಿ ಒಡೆದಿದ್ದರು. ಪುಸ್ತಕದ ಹೆಸರುಗಳು ಗೊತ್ತಿದ್ದರೂ ಬಳಸುತ್ತಿರಲಿಲ್ಲ. ಬೆನ್ನ ಮೇಲೆ ಎರಡು ಕಪ್ಪು ಗೆರೆಯಿರುವ ಸಣ್ಣದು, ಹೊತ್ತು ತಿರುಗುವವಳು. ಅದು ಪರ್ಸನ್ನು ಬಾಲದ ತುದಿಯಲ್ಲಿ ಕಚ್ಚಿಕೊಂಡೇ ವಾರಗಟ್ಟಲೆ ಓಡಾಡುತ್ತದೆ. ಮೊಟ್ಟೆಗೆ ಬೇಕಾದ ನೀರು ತಾಯಿಯ ಮೈಯಿಂದಲೇ ಹೋಗುತ್ತದೆ. ಬೇಗ ಕಿತ್ತರೆ ಒಣಗಿ ಸಾಯುತ್ತದೆ. ಚರಂಡಿಯಲ್ಲಿರುವ ದೊಡ್ಡ ಕೆಂಚು ಜಿರಳೆ, ಅಂಟಿಸಿ ಹೋಗುವವಳು. ಅದು ನೀರನ್ನೆಲ್ಲ ಮೊದಲೇ ತುಂಬಿ, ಪರ್ಸನ್ನು ಒಂದು ಸಂದಿಗೆ ಅಂಟಿಸಿ ಹೊರಟುಬಿಡುತ್ತದೆ.

ಹಾಗಾದರೆ ಎರಡನೆಯದಕ್ಕೆ ಮಕ್ಕಳ ಮೇಲೆ ಪ್ರೀತಿ ಕಡಿಮೆ ಎಂದು ಪ್ಯಾಕಿಂಗಿನ ಹೆಂಗಸೊಬ್ಬರು ತೀರ್ಮಾನ ಕೊಟ್ಟರು. ಮೇಡಂ ಒಪ್ಪಲಿಲ್ಲ.

“ಸುಮ್ನೆ ಬಿಸಾಕಿ ಹೋಗ್ತಾಳೆ ಅನ್ಕೋಬೇಡಿ. ಜಾಗ ಹುಡುಕ್ತಾಳೆ. ಬಾಯಲ್ಲಿ ಕೆರೆದು ಗುಳಿ ಮಾಡ್ತಾಳೆ. ಉಗುಳಲ್ಲಿ ಅಂಟಿಸ್ತಾಳೆ. ಪಕ್ಕದಲ್ಲಿ ಏನ್ ಸಿಗುತ್ತೋ ಅದನ್ನೇ ಕಚ್ಚಿ ಪುಡಿ ಮಾಡಿ ಮೇಲೆ ಮೆತ್ತಿ ಮುಚ್ತಾಳೆ. ಆಮೇಲೆ ಹೋಗೋದು.”

ಈ ಕೊನೆಯ ಮಾತು, ಪಕ್ಕದಲ್ಲಿ ಸಿಕ್ಕಿದ್ದನ್ನೇ ಮೆತ್ತುತ್ತಾಳೆ ಎಂಬುದು, ಒಂದು ವರ್ಷ ಬಹಳ ಉಪಯೋಗಕ್ಕೆ ಬಂತು. ಅದನ್ನು ಹೇಳಬೇಕಾದರೆ ಮುನಿಯಮ್ಮನ ವಿಷಯಕ್ಕೆ ಬರಬೇಕು.

ಮುನಿಯಮ್ಮ ನಮ್ಮ ಕ್ಯಾಂಟೀನು ನಡೆಸುವವಳು. ಘಟಕ ಕಟ್ಟಿರುವ ನೆಲ ಒಂದು ಕಾಲದಲ್ಲಿ ಅವಳ ಗಂಡನ ಮನೆಯವರದು. ಮಾರುವಾಗ, ಕ್ಯಾಂಟೀನು ನಿಮ್ಮ ಮನೆಯವರಿಗೇ ಎಂದು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಒಲೆಯಿರುವ ಮೂಲೆಯನ್ನು ತೋರಿಸಿ, ಇಲ್ಲೇ ನಮ್ಮ ಅವರೆ ಸಾಲು ಮುಗೀತಿದ್ದದ್ದು ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು. ಅವಳ ಮುದ್ದೆ ಅವರೆಕಾಳಿನ ಸಾರಿಗೆ ಆಫೀಸಿನವರೂ ಮನೆಯ ಡಬ್ಬಿ ಬಿಟ್ಟು ಬರುತ್ತಿದ್ದರು. ಅವಳಿಗೆ ಅಡುಗೆಗಿಂತ ಹೆಚ್ಚಿನ ಹೆಮ್ಮೆ ತನ್ನ ಅಡುಗೆಮನೆಯ ಶೆಲ್ಫುಗಳ ಮೇಲೆ. ಮುದ್ರಣ ಕೆಟ್ಟ ರಟ್ಟಿನ ಪೆಟ್ಟಿಗೆಗಳನ್ನು ಘಟಕದವರು ಕ್ಯಾಂಟೀನಿಗೆ ಕೊಡುವ ಪದ್ಧತಿ ಇತ್ತು. ಅವಳು ಅವನ್ನು ಬಿಡಿಸಿ, ಅಳತೆಗೆ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಪ್ರತಿಯೊಂದು ಹಲಗೆಗೂ ಮೆತ್ತುತ್ತಿದ್ದಳು. ಪ್ರತಿ ಯುಗಾದಿಗೆ ಹಳೆಯದರ ಮೇಲೆ ಹೊಸದೊಂದು ಪದರ. ಅಂಚಿಗೆ ಸುಣ್ಣದಲ್ಲಿ ಗೆರೆ.

ಒಂದು ದಿನ ನಮ್ಮ ಶಾವಿಗೆ ಕೊಳ್ಳುವ ಅಂಗಡಿಯವರೊಬ್ಬರಿಂದ ದೂರು ಬಂತು. ಪೆಟ್ಟಿಗೆಯ ಮಡಿಕೆಯೊಳಗೆ ಜಿರಳೆಯ ಪರ್ಸು. ಪೆಟ್ಟಿಗೆಯನ್ನೂ ವಾಪಸು ಕಳಿಸಿದ್ದರು. ಮ್ಯಾನೇಜರಿಗೆ ತನಿಖೆ ಬೇಕಾಗಿರಲಿಲ್ಲ. ಪ್ಯಾಕಿಂಗ್ ಕೋಣೆಯ ಗೋಡೆಯ ಆಚೆಗೆ ಕ್ಯಾಂಟೀನು, ಜಿರಳೆ ಇರುವುದು ಅಡುಗೆ ಇರುವಲ್ಲಿ, ಅಲ್ಲಿಗೆ ಮುಗಿಯಿತು. ಕೃಷ್ಣಗಿರಿಯಿಂದ ವ್ಯಾನಿನಲ್ಲಿ ಊಟ ತರುವವರು ಸಿದ್ಧವಿದ್ದಾರೆ, ಮುನಿಯಮ್ಮ ಜಾಗ ಖಾಲಿ ಮಾಡಲಿ ಎಂದರು. ಮೇಡಂ ತಾವು ನೋಡುವವರೆಗೆ ತಡೆಯಿರಿ ಎಂದು ಕೇಳಿ, ಆ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಲ್ಯಾಬಿಗೆ ಬಂದರು.

ಆ ಮಧ್ಯಾಹ್ನ ನನಗೆ ಸ್ಪಷ್ಟವಾಗಿ ನೆನಪಿದೆ. ಪರ್ಸನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರು ಸೂಜಿಯಿಂದ ಅತ್ತಿತ್ತ ಹೊರಳಿಸಿ ನೋಡಿದರು. ನಂತರ ನನ್ನನ್ನು ಕೂರಿಸಿದರು. ಕಂದು ಮೈಯ ಮೇಲೆಲ್ಲ ಜಗಿದ ರಟ್ಟಿನ ಹುಡಿ. ಅದರ ನಡುವೆ ಅಲ್ಲಲ್ಲಿ ಇಟ್ಟಿಗೆ ಬಣ್ಣದ ಚಿಕ್ಕ ಚಕ್ಕೆಗಳು. ಇದೇನು ಎಂದು ಕೇಳಿದೆ. ನೀನೇ ಹೇಳು ಎಂದರು. ಕೆಂಪು ಬಣ್ಣ ಎಂದೆ, ಗೋಡೆಗೆ ಹಚ್ಚುವ ಬಣ್ಣ ಇರಬಹುದು. ಕ್ಯಾಂಟೀನಿನ ಗೋಡೆಗಳಿಗೆ ಸುಣ್ಣ, ಪ್ಯಾಕಿಂಗ್ ಕೋಣೆಯಲ್ಲಿ ಬಿಳಿ ಟೈಲ್ಸು. ಕೆಂಪು ಎಲ್ಲಿದೆ? ಇಬ್ಬರೂ ಯೋಚಿಸುತ್ತ ಕುಳಿತೆವು. ಅವರಿಗೇ ಮೊದಲು ಹೊಳೆದದ್ದು. ಖಾಲಿ ಪೆಟ್ಟಿಗೆಗಳು ನೇರವಾಗಿ ನಮ್ಮಲ್ಲಿಗೆ ಬರುವುದಿಲ್ಲ, ಮೊದಲು ಜೂಜುವಾಡಿಯ ಬಾಡಿಗೆ ಗೋದಾಮಿಗೆ ಹೋಗುತ್ತವೆ.

ಮಾರನೆಯ ದಿನ ಇಬ್ಬರೂ ಅಲ್ಲಿಗೆ ಹೋದೆವು. ಹೊರಗೆ ಗಡಿಯ ಲಾರಿಗಳ ಸಾಲು. ಒಳಗೆ ಗೋಡೆಯ ಕೆಳಭಾಗಕ್ಕೆ ಹಚ್ಚಿದ ಕೆಮ್ಮಣ್ಣು ಬಣ್ಣ ತೇವಕ್ಕೆ ಎದ್ದು ಉದುರುತ್ತಿತ್ತು. ಪೆಟ್ಟಿಗೆಗಳ ಕಟ್ಟು ಅದಕ್ಕೇ ಒರಗಿತ್ತು, ಅಂಚುಗಳೆಲ್ಲ ಕೆಂಪು. ಮೂಲೆಯಲ್ಲಿ ಮುಚ್ಚಳ ಒಡೆದ ಚರಂಡಿ ಗುಂಡಿ. ಮೇಡಂ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ಪೆಟ್ಟಿಗೆಯ ಮಡಿಕೆ ಬಿಡಿಸಿದರು. ಕುಂಕುಮದ ಡಬ್ಬಿ ತುಂಬಿತು. ಎಲ್ಲಕ್ಕೂ ಕೆಂಪು ಚಕ್ಕೆ. ಕೆಲವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಊದುತ್ತಿದ್ದರು. ಹಾರಿಹೋದರೆ ಖಾಲಿ, ಕುಳಿತಲ್ಲೇ ಕುಳಿತರೆ ತುಂಬಿದ್ದು. ಮರಿಗಳು ಹೋದ ಮೇಲೂ ಜಿಪ್ಪು ಮತ್ತೆ ಕೂಡಿಕೊಳ್ಳುತ್ತದೆ, ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಈ ಪರೀಕ್ಷೆ.

ಅಲ್ಲಿಗೆ ಮುನಿಯಮ್ಮ ಉಳಿದಳು ಎಂದುಕೊಂಡು ನಾನು ಖುಷಿಯಾಗಿದ್ದೆ. ಆದರೆ ಮೇಡಂ ವಾಪಸು ಬಂದವರೇ ಕ್ಯಾಂಟೀನಿಗೆ ನುಗ್ಗಿ, ಶೆಲ್ಫಿನ ಒಂದು ಮೂಲೆಯಲ್ಲಿ ರಟ್ಟಿನ ಪದರ ಎಬ್ಬಿಸಿದರು. ರಟ್ಟಿನ ಏಣುಗಳ ನಡುವಿನ ಪ್ರತಿ ಸಂದಿಯಲ್ಲೂ ಬೆನ್ನಿಗೆ ಎರಡು ಗೆರೆಯ ಸಣ್ಣ ಜಿರಳೆಗಳು. ಮಲಗಲು ರಟ್ಟು, ತಿನ್ನಲು ಮೈದಾ ಅಂಟು. ವರ್ಷವರ್ಷವೂ ಪದರದ ಮೇಲೆ ಪದರ ಹಚ್ಚಿ ಮುನಿಯಮ್ಮ ಅವುಗಳಿಗೆ ಮಹಡಿ ಕಟ್ಟಿಕೊಟ್ಟಿದ್ದಳು. ತಿಂಗಳಿಗೊಮ್ಮೆ ಔಷಧಿ ಹೊಡೆಯುವವರು ಬಂದು ಹೊಡೆದಾಗ ಮೇಲಿದ್ದವು ಸಾಯುತ್ತಿದ್ದವು. ಒಡೆಯಲು ಬಲಿತ ಪರ್ಸಿನೊಳಗಿನವು ಉಳಿದು ಮತ್ತೆ ಬರುತ್ತಿದ್ದವು.

ಮೇಡಂ ಮ್ಯಾನೇಜರಿಗೆ ಎರಡನ್ನೂ ಹೇಳಿದರು. ಪೆಟ್ಟಿಗೆಯಲ್ಲಿದ್ದದ್ದು ಅಂಟಿಸಿ ಹೋಗುವ ದೊಡ್ಡ ಜಿರಳೆಯದು, ಬಂದದ್ದು ನಿಮ್ಮ ಗೋದಾಮಿನಿಂದ, ಕ್ಯಾಂಟೀನಿನಿಂದ ಅಲ್ಲ. ಕ್ಯಾಂಟೀನಿನಲ್ಲಿ ಇರುವುದು ಹೊತ್ತು ತಿರುಗುವ ಸಣ್ಣದು. ಅದು ಇದೆ, ಬಹಳ ಇದೆ. ಮ್ಯಾನೇಜರ್ ಮೊದಲ ಭಾಗಕ್ಕೆ ಪಾರ್ಕಲಾಂ, ನೋಡೋಣ ಎಂದರು, ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮ ದೊಡ್ಡ ಗಿರಾಕಿಗಳು ಬೆಂಗಳೂರಿನಿಂದ ಘಟಕ ನೋಡಲು ಬರುವವರಿದ್ದರು. ಆ ದಿನ ಕ್ಯಾಂಟೀನಿನಲ್ಲಿ ಒಂದೇ ಒಂದು ಜಿರಳೆ ಕಂಡರೂ ಮುನಿಯಮ್ಮ ಹೊರಡಬೇಕು ಎಂದು ಗಡುವು ಕೊಟ್ಟರು.

ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ, ಗೋದಾಮಿನದಷ್ಟೇ ಹೇಳಿ ನಿಲ್ಲಿಸಬಹುದಿತ್ತಲ್ಲ ಎಂದೆ.

“ಅರ್ಧ ಹೇಳಿ ಅರ್ಧ ಬಿಟ್ರೆ ಅದು ವಕೀಲಿಕೆ ಕಣಮ್ಮ, ಲ್ಯಾಬ್ ಅಲ್ಲ. ನಾಳೆ ಆ ಅರ್ಧ ಬೇರೆಯವರ ಬಾಯಲ್ಲಿ ಬಂದ್ರೆ, ಈ ಅರ್ಧಾನೂ ಯಾರೂ ನಂಬಲ್ಲ.”

ಹಾಗೆಂದರೂ ಅವರ ಮುಖ ಸರಿಯಿರಲಿಲ್ಲ.

ಮುನಿಯಮ್ಮನಿಗೆ ಸಿಟ್ಟು ಬಂದದ್ದು ಮ್ಯಾನೇಜರ್ ಮೇಲಲ್ಲ, ಮೇಡಂ ಮೇಲೆ. ತನ್ನ ಶೆಲ್ಫಿನ ಮಾನ ತೆಗೆದರಲ್ಲ ಎಂದು. ಊಟಕ್ಕೆ ಹೋದರೆ, “ಜಿರ್ಲೆ ಡಾಕ್ಟ್ರಮ್ಮ ಬಂದ್ರು, ಜಾಗ ಬಿಡ್ರವ್ವ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮುದ್ದೆಯನ್ನು ತಟ್ಟೆಗೆ ಸದ್ದಾಗುವಂತೆ ಹಾಕುವಳು. ಮೇಡಂ ಸುಮ್ಮನೆ ಉಣ್ಣುವರು. ಉಂಡು ಕೈ ತೊಳೆದ ಮೇಲೆ, ರಟ್ಟು ಕೀಳೋಣವಾ ಎಂದು ದಿನಾ ಕೇಳುವರು. ಅವಳು ದಿನಾ ಇಲ್ಲ ಎನ್ನುವಳು. ರಟ್ಟು ಕಿತ್ತರೆ ತಾನು ಕೊಳಕಿ ಎಂದು ಒಪ್ಪಿಕೊಂಡಂತೆ ಎಂಬುದು ಅವಳ ಲೆಕ್ಕ. ಗಿರಾಕಿಗಳು ಬರುವ ದಿನ ಹತ್ತಿರವಾಗುತ್ತಿತ್ತು.

ಮೇಡಂ ಬೇರೆ ದಾರಿ ಹಿಡಿದರು. ಕ್ಯಾಂಟೀನಿನ ರಟ್ಟಿನಿಂದ ಪರ್ಸು ಹೊತ್ತ ಕೆಲವು ತಾಯಿ ಜಿರಳೆಗಳನ್ನು ಹಿಡಿದು, ಗಾಜಿನ ಉಪ್ಪಿನಕಾಯಿ ಭರಣಿಯಲ್ಲಿ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಲ್ಯಾಬಿನ ಕಿಟಕಿಯಲ್ಲಿಟ್ಟರು. ಭರಣಿಯಲ್ಲಿ ಮರಿಯಾದಾಗ ಕ್ಯಾಂಟೀನಿನಲ್ಲೂ ಆಗಿರುತ್ತದೆ, ಭರಣಿಯಲ್ಲಿ ಕೊನೆಯ ಪರ್ಸು ಒಡೆದ ಮೇಲೆ ಎರಡನೆಯ ಸಲ ಔಷಧಿಯಿಟ್ಟರೆ ಮರಿಗಳು ಬೆಳೆದು ಮತ್ತೆ ಪರ್ಸು ಹೊರುವ ಮುಂಚೆಯೇ ಮುಗಿಯುತ್ತದೆ ಎಂಬುದು ಅವರ ಯೋಚನೆ. ಭರಣಿ ನೋಡಲು ಪ್ಯಾಕಿಂಗಿನವರೆಲ್ಲ ಬಂದು ಹೋದರು. ಥೂ ಎಂದವರೇ ಮರುದಿನ ಮತ್ತೆ ಬಂದರು. ಮುನಿಯಮ್ಮ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಒಂದು ತಾಯಿಯ ಪರ್ಸಿನ ಮಗ್ಗುಲಿನಲ್ಲಿ ಹಸಿರು ಛಾಯೆ ಕಂಡಿತು. ಮರಿ ಹೊರಬರುವುದು ಇವತ್ತೇ ಎಂದು ಮೇಡಂ ನನ್ನನ್ನು ಕ್ಯಾಂಟೀನಿಗೆ ಓಡಿಸಿದರು. ಮುನಿಯಮ್ಮ ಒಗ್ಗರಣೆ ಹಾಕುತ್ತಿದ್ದಳು.

“ನಂಗೇನ್ ಬೇರೆ ಕೆಲ್ಸ ಇಲ್ವಾ ಅಮ್ಮಣ್ಣಿ, ಜಿರ್ಲೆ ಬಾಣಂತನ ನೋಡೋಕೆ?” ಎಂದಳು. ನಾನು ಬಾಗಿಲಲ್ಲೇ ಕಾದೆ. ಅವಳು ಒಲೆ ಸಣ್ಣ ಮಾಡಿ, ಸೌಟು ಕೈಯಲ್ಲಿರುವಂತೆಯೇ ನನ್ನ ಹಿಂದೆ ಬಂದಳು.

ತಾಯಿ ಆಗಲೇ ಪರ್ಸು ಕೆಳಗಿಟ್ಟಿತ್ತು. ಭೂತಗನ್ನಡಿಯನ್ನು ಮೇಡಂ ಮುನಿಯಮ್ಮನ ಕೈಗೆ ಕೊಟ್ಟರು. ಜಿಪ್ಪು ಒಂದು ತುದಿಯಿಂದ ಮೆಲ್ಲಗೆ ಬಿಟ್ಟುಕೊಂಡಿತು. ಒಳಗಿಂದ ಬಿಳಿ ಬಿಳಿ ತಲೆಗಳು, ಒಂದೊಂದಕ್ಕೂ ಎರಡು ಕಪ್ಪು ಚುಕ್ಕೆಯ ಕಣ್ಣು, ಎಲ್ಲವೂ ಒಟ್ಟಿಗೆ ಮೇಲೇಳುತ್ತಿದ್ದವು. ಬಾಗಿ, ತೆಳು ಪೊರೆಯೊಂದನ್ನು ಕಳಚಿ, ಕಾಲು ಬಿಡಿಸಿಕೊಂಡು ಆಚೆ ಜಾರುತ್ತಿದ್ದವು. ಮುನಿಯಮ್ಮನ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಯಾರೂ ಒರೆಸಲಿಲ್ಲ.

“ಅನ್ನದ ಅಗುಳಿದ್ದಂಗವೆ” ಎಂದಳು ಕೊನೆಗೆ. ಆಮೇಲೆ, “ಎಲ್ಲಾ ಒಂದೇ ಕಿತ ದಬ್ತಾವಲ್ಲ?”

“ಒಂದು ದಬ್ಬಿದ್ರೆ ಆ ಜಿಪ್ಪು ಬಿಡಲ್ಲ ಮುನಿಯಮ್ಮ. ಎಲ್ಲಾ ಸೇರಿ ಗಾಳಿ ಕುಡ್ದು ಉಬ್ಬಬೇಕು. ಅದಕ್ಕೇ ಒಂದೇ ಹೊತ್ತಿಗೆ ಬಲಿಯೋದು.”

ಅವಳು ಬಹಳ ಹೊತ್ತು ಕನ್ನಡಿ ಇಳಿಸಲಿಲ್ಲ. ಇಳಿಸಿದ ಮೇಲೆ ಮೆಲ್ಲಗೆ ಕೇಳಿದಳು, ತನ್ನ ಒಲೆಯ ಹಿಂದೆ ಇಂಥ ಪರ್ಸು ಎಷ್ಟಿರಬಹುದು ಎಂದು. ಮೇಡಂ, ಗೊತ್ತಿಲ್ಲ, ರಟ್ಟು ಕಿತ್ತರೆ ಗೊತ್ತಾಗುತ್ತದೆ ಎಂದರು. ಅವಳು ಒಗ್ಗರಣೆಗೆ ವಾಪಸು ಹೋದಳು.

ಮಧ್ಯಾಹ್ನದ ಹೊತ್ತಿಗೆ ಮರಿಗಳು ಬಿಳುಪು ಹೋಗಿ ಕಂದಾಗಿದ್ದವು. ಆಗ ಅವಳು ಮತ್ತೊಮ್ಮೆ ನೋಡಲು ಬಂದಳು. ಅವಳೆದುರಿಗೇ ಮೇಡಂ ಮರಿಗಳನ್ನು ಸಾಬೂನು ನೀರಿಗೆ ಸುರಿದರು.

“ಇಷ್ಟೊತ್ತು ತೊಟ್ಲು ಬಗ್ಗಿ ನೋಡ್ದಂಗೆ ನೋಡ್ಬುಟ್ಟು, ಈಗ ನೀರ್ಗಾಕ್ತೀರಲ್ಲ ಮೇಡಮ್ಮ.”

“ನೋಡೋದು ನೋಡೋದೇ. ನಿನ್ನ ಅಡುಗೆಮನೆ ನಿನ್ನ ಅಡುಗೆಮನೇನೇ.”

ಮುನಿಯಮ್ಮ ಆ ನೀರನ್ನು ನೋಡುತ್ತ ನಿಂತಿದ್ದಳು. ಅವತ್ತು ಊಟ ಮುಗಿದ ಮೇಲೆ ಕ್ಯಾಂಟೀನಿನಿಂದ ರಟ್ಟು ಹರಿಯುವ ಸದ್ದು ಲ್ಯಾಬಿಗೆ ಕೇಳಿಸಿತು. ಹೋಗಿ ನೋಡಿದರೆ, ಸೆರಗು ಕಟ್ಟಿಕೊಂಡು ಒಬ್ಬಳೇ ಎಲ್ಲ ಯುಗಾದಿಗಳ ಪದರಗಳನ್ನು ಕೀಳುತ್ತಿದ್ದಳು. ಮೇಡಂ ಇನ್ನೊಂದು ತುದಿಯಿಂದ ಶುರು ಮಾಡಿದರು. ಕಿತ್ತ ರಟ್ಟನ್ನು ನಾನು ಹೊರಗೆ ಸುಡುತ್ತಿದ್ದೆ. ಹಲಗೆಗಳನ್ನು ಬಿಸಿನೀರಿನಲ್ಲಿ ಉಜ್ಜಿ, ಸಂದಿಗಳಿಗೆ ಸಿಮೆಂಟು ಮೆತ್ತಿ, ಬೋರಿಕ್ ಪುಡಿ, ಗೋಧಿ ಹಿಟ್ಟು, ಸಕ್ಕರೆ ಕಲಸಿ ಉಂಡೆ ಕಟ್ಟಿ, ಊಟದ ಸಾಮಾನಿಗೆ ದೂರವಾಗಿ ಒಲೆಯ ಹಿಂದೆ ಇಟ್ಟೆವು. ಉಂಡೆ ಕಟ್ಟುವುದರಲ್ಲಿ ಮುನಿಯಮ್ಮನದೇ ಮೇಲುಗೈ. ನೀವು ಕಟ್ಟಿದ್ದು ಜಿರಳೆಯೂ ತಿನ್ನುವುದಿಲ್ಲ ಎಂದು ಮೇಡಂಗೆ ಹೇಳಿದಳು. ಅವರಿಬ್ಬರ ನಡುವೆ ಸಲುಗೆಯ ಮಾತು ಮತ್ತೆ ಶುರುವಾದದ್ದು ಹೀಗೆ.

ಆಮೇಲೆ ಭರಣಿಯ ಕಾವಲು ಮುನಿಯಮ್ಮನದೇ ಆಯಿತು. ಬೆಳಿಗ್ಗೆ ಬಂದವಳು ಒಲೆ ಹೊತ್ತಿಸುವ ಮುಂಚೆ ಲ್ಯಾಬಿಗೆ ಬಂದು ಇಣುಕುವಳು. ಆ ಮೂಲೇದು ಹೊತ್ಕೊಂಡೇ ಐತೆ, ಇದು ಇಟ್ಬುಟ್ಟೈತೆ ಎಂದು ವರದಿ ಕೊಡುವಳು. ಪರ್ಸನ್ನು ಅಂಗೈಯಲ್ಲಿಟ್ಟು ಊದಿ ನೋಡುವುದನ್ನೂ ಮೇಡಂ ಅವಳಿಗೆ ಕಲಿಸಿದರು. ಕೊನೆಯ ಪರ್ಸು ಒಡೆದ ದಿನ ಅವಳೇ ಮೇಡಂ ಬರುವ ದಾರಿಯಲ್ಲಿ ಗೇಟಿನ ಹತ್ತಿರ ಕಾದಿದ್ದು ಹೇಳಿದಳು. ಎರಡನೆಯ ಸಲದ ಉಂಡೆಗಳು ಅವತ್ತೇ ಒಲೆಯ ಹಿಂದೆ ಹೋದವು.

ಗಿರಾಕಿಗಳು ಬಂದರು. ಅವರಲ್ಲೊಬ್ಬರು ತಾವೇ ಟಾರ್ಚ್ ತಂದಿದ್ದರು. ಕ್ಯಾಂಟೀನಿನಲ್ಲಿ ಮಂಡಿಯೂರಿ ಎಲ್ಲ ಕಡೆ ಬೆಳಕು ಬಿಟ್ಟರು. ಒಂದು ಜಿರಳೆಯೂ ಇರಲಿಲ್ಲ. ಏಳುವ ಮುಂಚೆ ಗ್ಯಾಸ್ ಕಟ್ಟೆಯ ಅಡಿಯ ಬಿರುಕಿನಿಂದ ಏನನ್ನೋ ಬಿಡಿಸಿ, ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. ಪರ್ಸು. ಮ್ಯಾನೇಜರ್ ಮುನಿಯಮ್ಮನ ಕಡೆ ನೋಡಿದರು. ಅವಳ ಕೈ ಸೆರಗನ್ನು ಹಿಡಿದುಕೊಂಡಿತು.

ಮೇಡಂ ಕೈ ಚಾಚಿ ಅದನ್ನು ತೆಗೆದುಕೊಂಡರು. ತಾವು ನೋಡಲಿಲ್ಲ. ನೇರವಾಗಿ ಮುನಿಯಮ್ಮನ ಅಂಗೈಯಲ್ಲಿಟ್ಟರು.

“ನಿನ್ನ ಅಡುಗೆಮನೆ. ನೀನೇ ಹೇಳು.”

ಅದು ತುಂಬಿದ್ದಾಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಮೇಡಂಗೆ ಮೊದಲೇ ಗೊತ್ತಿತ್ತೋ, ಬೆರಳಿಗೆ ಅದರ ಹಗುರ ತಿಳಿದಿತ್ತೋ, ಅಥವಾ ಏನಾದರೂ ಆಗಲಿ ಎರಡನ್ನೂ ಹೇಳುವುದೇ ಸರಿ ಎಂದಿದ್ದರೋ, ನಾನು ಕೇಳಲಿಲ್ಲ. ಮುನಿಯಮ್ಮ ಅಂಗೈಯನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಊದಿದಳು. ಪರ್ಸು ಹಾರಿ ನೆಲಕ್ಕೆ ಬಿತ್ತು.

“ಖಾಲಿ ಸಾ. ಹಳೇದು. ಇದ್ರದ್ದು ಮಕ್ಳೆಲ್ಲ ಮುಗ್ದೋದ್ವು” ಎಂದಳು.

ಟಾರ್ಚಿನವರು ಬಗ್ಗಿ ಅದನ್ನು ಮತ್ತೆ ಎತ್ತಿಕೊಂಡು, ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಸಿಟ್ಟಿನಿಂದಲ್ಲ, ತಿಳಿಯುವ ಆಸೆಯಿಂದ. ಮೇಡಂಗೆ ಅಷ್ಟು ಸಾಕಾಗಿತ್ತು. ಎರಡು ಟ್ಯೂಬಿನ ಅಂಟಿನಿಂದ ಶುರು ಮಾಡಿದರು. ಕೇಳುತ್ತ ಕೇಳುತ್ತ ಊಟದ ಹೊತ್ತಾಗಿ, ಎಲ್ಲರೂ ಅಲ್ಲೇ ಕೂತು ಮುದ್ದೆ ಉಂಡರು. ವ್ಯಾನಿನ ಊಟದ ಮಾತು ಮತ್ತೆ ಬರಲಿಲ್ಲ. ಪೆಟ್ಟಿಗೆಗಳು ಜೂಜುವಾಡಿಯಿಂದ ಬೇರೆ ಗೋದಾಮಿಗೆ ಹೋದವು. ಅದಕ್ಕೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೇಡಂ ತೀರಿಕೊಂಡ ಮೇಲೆ, ಹನ್ನೊಂದನೆಯ ದಿನದ ಕಾರ್ಯಕ್ಕೆ ಮುನಿಯಮ್ಮನೂ ನಾನೂ ಬೆಳಿಗ್ಗೆಯೇ ಬಸ್ಸಿನಲ್ಲಿ ಹೊಸೂರಿಗೆ ಹೋದೆವು. ಮೇಡಂ ತಮ್ಮ ಅಕ್ಕನ ಜೊತೆ ಇದ್ದವರು. ಆ ಅಕ್ಕನಿಗೆ ಜಿರಳೆ ಕಂಡರೆ ಪ್ರಾಣಭಯ. ತಂಗಿ ಮನೆಗೆ ಕುಂಕುಮದ ಡಬ್ಬಿ ತಂದ ದಿನವೆಲ್ಲ ಜಗಳ ಎಂದು ಮೇಡಂ ಹೇಳಿ ನಗಿಸುತ್ತಿದ್ದರು. ಈಗ ಅಕ್ಕ ಗೋಡೆಗೆ ಒರಗಿ ಕುಳಿತಿದ್ದರು, ಕಣ್ಣಲ್ಲಿ ನೀರಿರಲಿಲ್ಲ, ಮಾತೂ ಕಡಿಮೆ. ನಮ್ಮನ್ನು ಕಂಡು ಹೇಳಿದ್ದು ಒಂದೇ. ಅವಳಿರುವ ತನಕ ಈ ಮನೆಯಲ್ಲಿ ಒಂದೇ ಒಂದು ಜಿರಳೆ ಇರಲಿಲ್ಲ, ಇನ್ನು ನಾನೇನು ಮಾಡಲಿ ಎಂದು.

ಮುನಿಯಮ್ಮ ಅಡುಗೆಮನೆಗೆ ಹೋದಳು. ಚಮಚ ಹುಡುಕಲು ಡ್ರಾಯರ್ ಎಳೆದವಳು, ಚಮಚ ತೆಗೆಯದೆ, ಡ್ರಾಯರನ್ನು ಪೂರ್ತಿ ಹೊರಗೆಳೆದು ಮೇಲೆತ್ತಿ, ಅಡಿಯಲ್ಲಿ ಬೆರಳಾಡಿಸಿದಳು. ಬೆರಳು ಹಿಂದಿನ ಮೂಲೆಯಲ್ಲಿ ನಿಂತಿತು. ಉಗುರಿನಲ್ಲಿ ಬಿಡಿಸಿ ಬೆಳಕಿಗೆ ತಂದಳು. ದೊಡ್ಡದರ ಪರ್ಸು, ಮೇಲೆಲ್ಲ ಮರದ ಹುಡಿ ಮೆತ್ತಿದ್ದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಈ ಹೊತ್ತಿನಲ್ಲಿ ಇದನ್ನು ಸುಮ್ಮನೆ ಎಸೆದುಬಿಡಬಹುದು ಎಂದು ನನಗನಿಸಿತು. ಮುನಿಯಮ್ಮ ಅದನ್ನು ಅಂಗೈಯಲ್ಲಿಟ್ಟು ಊದಿದಳು. ಹಾರಿ ಸಿಂಕಿನ ಹತ್ತಿರ ಬಿತ್ತು.

“ಅಕ್ಕಾ” ಎಂದು ಅಲ್ಲಿಂದಲೇ ಕೂಗಿದಳು. “ಒಂದಿತ್ತು, ಡ್ರಾಯರ್ ಅಡೀಲಿ. ಹಳೇದು. ಖಾಲಿ.”

ಹೊರಗಿನಿಂದ ಅಕ್ಕನ ದನಿ ಬಂತು, ನಗುವೋ ಅಳುವೋ ತಿಳಿಯದಂತೆ.

“ಹಂಗಾದ್ರೆ ಅವಳ ಕೈಯಿಂದ್ಲೂ ಒಂದು ತಪ್ಪಿಸ್ಕೊಂಡಿತ್ತು.”

“ತಪ್ಪಿಸ್ಕೊಂಡಿತ್ತು ಕಣಕ್ಕಾ” ಎಂದಳು ಮುನಿಯಮ್ಮ. ಮಧ್ಯಾಹ್ನದ ಊಟಕ್ಕೆ ಅವಳು ಕ್ಯಾಂಟೀನಿಗೆ ಹಿಂತಿರುಗಬೇಕಿತ್ತು. ಗಡಿಯಾರ ನೋಡಿದಳು, ಆಮೇಲೆ ಎರಡನೆಯ ಡ್ರಾ‌ಯರನ್ನು ಹೊರಗೆಳೆದಳು. ನಾನು ಮೂರನೆಯದನ್ನು ಎಳೆದೆ.